ಪೊರಕೆ ಹಿಡಿಯೋರನ್ನ ನೆನಪಿಟ್ಟು ಕಟ್ಟಿದ ನಿಲ್ದಾಣ

ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಮೆಟ್ರೋ ನಿಲ್ದಾಣದೊಳಗೆ ಕಾಲಿಟ್ಟವರು ಒಂದಲ್ಲ ಒಂದು ದಿನ ಈ ಮಾತು ಆಡಿಯೇ ಇರ್ತಾರೆ: ‘ಅಬ್ಬಾ, ಇಲ್ಲಿ ಎಷ್ಟು ಕ್ಲೀನಾಗಿದೆ!’ ಅದರ ಹಿಂದೆಯೇ ಬರೋ ಮಾತೂ ಗೊತ್ತಿರೋದೇ. ‘ಅದೇ ಜನ ನೋಡಿ, ರಸ್ತೆಯಲ್ಲಿ ಉಗೀತಾರೆ, ಇಲ್ಲಿ ಬಂದ್ರೆ ಉಗಿಯಲ್ಲ.’ ಕ್ಯಾಮೆರಾ ಇದೆ, ದಂಡ ಇದೆ, ಸೆಕ್ಯುರಿಟಿ ಇದ್ದಾರೆ, ಅದಕ್ಕೇ ಹೀಗಿದೆ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ.

ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ಜನ ಬರುವ ಮೊದಲೇ, ನಿಲ್ದಾಣ ಇನ್ನೂ ಕಾಗದದ ಮೇಲೆ ನಕ್ಷೆಯಾಗಿದ್ದಾಗಲೇ ತೀರ್ಮಾನ ಆಗಿರುತ್ತೆ. ನೆಲಕ್ಕೆ ಯಾವ ಕಲ್ಲು, ಮೂಲೆ ಯಾವ ಆಕಾರ, ದೀಪ ಎಷ್ಟು ಎತ್ತರ, ನಲ್ಲಿ ಎಲ್ಲಿ? ಈ ಪ್ರಶ್ನೆಗಳಿಗೆ ಅವತ್ತು ಯಾರೋ ಕೊಟ್ಟ ಉತ್ತರದ ಮೇಲೆ, ಮುಂದಿನ ನೂರು ವರ್ಷ ಅಲ್ಲಿ ಕೆಲಸ ಮಾಡೋ ಪೌರಕಾರ್ಮಿಕರ ರಾತ್ರಿಗಳು ನಿಂತಿರುತ್ತವೆ.

ನಾನು ಸಾಫ್ಟ್‌ವೇರ್ ಕೆಲಸದವನು, ಸಿವಿಲ್ ಎಂಜಿನಿಯರ್ ಅಲ್ಲ. ಆದರೂ ಈ ವಿಷಯ ನನ್ನನ್ನು ಹಿಡಿದುಕೊಂಡಿದ್ದಕ್ಕೆ ಕಾರಣ ಇದೆ. ನಮ್ಮಲ್ಲೂ ಕೋಡ್ ಬರೆಯೋದು ಕೆಲವು ತಿಂಗಳ ಕೆಲಸ, ಅದನ್ನು ನೋಡಿಕೊಳ್ಳೋದು ವರ್ಷಗಟ್ಟಲೆಯ ಕೆಲಸ. ಬರೆದವರು ಬೇರೆ, ರಾತ್ರಿ ಎರಡಕ್ಕೆ ಫೋನ್ ಬಂದಾಗ ಎದ್ದು ಕೂರೋರು ಬೇರೆ. ನಿಲ್ದಾಣದ ಕಥೆಯೂ ಇದೇ, ಏನೂ ವ್ಯತ್ಯಾಸ ಇಲ್ಲ.

ಮಳೆ ತೊಳೆಯದ ಜಾಗ

ನೆಲದ ಮೇಲಿನ ರೈಲು ನಿಲ್ದಾಣಕ್ಕೆ ಮೂರು ಉಚಿತ ಸಹಾಯಕರಿದ್ದಾರೆ: ಮಳೆ, ಗಾಳಿ, ಬಿಸಿಲು. ಒಂದು ಜೋರು ಮಳೆ ಬಂದರೆ ಪ್ಲಾಟ್‌ಫಾರ್ಮಿನ ತುದಿ ತಾನೇ ತೊಳೆದುಹೋಗುತ್ತೆ. ನೆಲದಡಿಯಲ್ಲಿ ಈ ಮೂವರೂ ಇಲ್ಲ. ಒಳಗೆ ಬಂದ ಧೂಳು ಯಾರಾದರೂ ಕೈಯಾರೆ ಎತ್ತುವ ತನಕ ಅಲ್ಲೇ ಇರುತ್ತೆ.

ಕೊಳೆ ಎಲ್ಲಿಂದ ಬರುತ್ತೆ? ಮೊದಲನೆಯದು ನಮ್ಮ ಚಪ್ಪಲಿ, ಶೂ. ಮಳೆಗಾಲದಲ್ಲಂತೂ ಕೆಸರು ನೇರ ಮೆಟ್ಟಿಲಿಳಿದು ಬರುತ್ತೆ. ಎರಡನೆಯದು ರೈಲೇ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉಜ್ಜಿದಾಗ, ಬ್ರೇಕ್ ಹಾಕಿದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ ಏಳುತ್ತೆ. ಸುರಂಗದಲ್ಲಿ ಬರುವ ರೈಲು ಸಿರಿಂಜಿನೊಳಗಿನ ಪಿಸ್ಟನ್ ಥರ ಮುಂದಿನ ಗಾಳಿಯನ್ನೆಲ್ಲ ತಳ್ಳಿಕೊಂಡು ಬರುತ್ತೆ. ರೈಲು ಕಾಣೋ ಮೊದಲೇ ಮುಖಕ್ಕೆ ಬೀಸೋ ಆ ಗಾಳಿ ಇದೆಯಲ್ಲ, ಈ ಪುಡಿಯನ್ನು ಪ್ಲಾಟ್‌ಫಾರ್ಮಿಗೆ ತಂದು ಸುರಿಯೋದು ಅದೇ. ಮೂರನೆಯದು ಪ್ರಯಾಣಿಕರ ಕೂದಲು, ಬಟ್ಟೆಯ ನಾರು. ಲಂಡನ್ನಿನಲ್ಲಿ ಇವನ್ನು ಗುಡಿಸೋಕೆಂದೇ ರಾತ್ರಿ ಹೊತ್ತು ಸುರಂಗದೊಳಗೆ ನಡೆಯುತ್ತಿದ್ದ ಮಹಿಳೆಯರ ತಂಡಗಳಿದ್ದವು. ಅವರನ್ನು ‘ಫ್ಲಫರ್ಸ್’ ಅಂತ ಕರೀತಿದ್ದರು. ನಾಲ್ಕನೆಯದು ನೀರು. ನೆಲದಡಿಯ ಗೋಡೆಯ ಆಚೆ ಬದಿಯಲ್ಲಿ ಒದ್ದೆ ಮಣ್ಣಿದೆ. ಎಷ್ಟೇ ಒಳ್ಳೆಯ ಕಾಂಕ್ರೀಟ್ ಆದರೂ ಎಲ್ಲೋ ಒಂದು ಕಡೆ ಒಂದು ದಿನ ನೀರು ಜಿನುಗುತ್ತೆ.

ಹಾಗಾಗಿ ‘ಕೊಳೆಯೇ ಆಗದ ನಿಲ್ದಾಣ’ ಅನ್ನೋದು ಇಲ್ಲ. ಕೊಳೆ ಬೇಗ ಕಾಣುವ, ಸುಲಭಕ್ಕೆ ಹೋಗುವ ನಿಲ್ದಾಣ ಕಟ್ಟಬಹುದು, ಅಷ್ಟೇ.

1904ರ ಒಂದು ದುಂಡಗಿನ ಮೂಲೆ

ಈ ಯೋಚನೆ ಹೊಸದೇನಲ್ಲ. ನ್ಯೂಯಾರ್ಕಿನ ಸಬ್‌ವೇ ಶುರುವಾಗಿದ್ದು 1904ರ ಅಕ್ಟೋಬರ್ 27ಕ್ಕೆ. ಆ ಕಾಲದಲ್ಲಿ ‘ನೆಲದಡಿಗೆ ಇಳಿದರೆ ಕಾಯಿಲೆ ಬರುತ್ತೆ’ ಅನ್ನೋ ಭಯ ಜನರಲ್ಲಿತ್ತು. ನಿಲ್ದಾಣಗಳ ವಿನ್ಯಾಸ ಮಾಡಿದ ಹೈನ್ಸ್ ಮತ್ತು ಲಾಫಾರ್ಜ್ ಗೋಡೆಗೆ ಹೊಳಪಿನ ಬಿಳಿ ಟೈಲ್ಸ್ ಹಾಕಿಸಿದರು. ಬೆಳಕು ಹೆಚ್ಚುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೊಳೆ ಹೋಗುತ್ತೆ.

ಅದಕ್ಕಿಂತ ನನಗೆ ಇಷ್ಟವಾಗೋದು ಇನ್ನೊಂದು ವಿವರ. ನೆಲ ಮತ್ತು ಗೋಡೆ ಸೇರುವ ಕಡೆ ಅವರು ಚೂಪಾದ ಮೂಲೆ ಬಿಡಲಿಲ್ಲ, ಸಿಮೆಂಟಿನಲ್ಲಿ ಒಳಬಾಗಿದ ದುಂಡು ಅಂಚು ಕೊಟ್ಟರು. ನೆಲದ ನೀರು ಹರಿದು ಹೋಗೋಕೆ ಗುಂಡಿಗಳು, ತೊಳೆಯೋಕೆ ಹೋಸ್ ಪೈಪ್ ಸಿಕ್ಕಿಸುವ ನಲ್ಲಿಗಳು, ಎಲ್ಲ ಮೊದಲ ದಿನದಿಂದಲೇ ಇದ್ದವು.

ಇದರ ಬೆಲೆ ಗೊತ್ತಾಗಬೇಕಾದರೆ ಮನೆಯಲ್ಲಿ ಒಂದು ದಿನ ಪೊರಕೆ ಹಿಡೀರಿ. ಹಾಲ್‌ನ ಮಧ್ಯೆ ಗುಡಿಸೋದು ಎರಡು ನಿಮಿಷ, ಮೂಲೆಗಳಿಗೇ ಹತ್ತು ನಿಮಿಷ. ತೊಂಬತ್ತು ಡಿಗ್ರಿ ಮೂಲೆಗೆ ಪೊರಕೆಯೂ ಹೋಗಲ್ಲ, ಮಾಪೂ ಹೋಗಲ್ಲ, ಕೊನೆಗೆ ಬೆರಳೇ ಹೋಗಬೇಕು. ಬಚ್ಚಲಮನೆಯ ಇಳಿಜಾರು ಒಂದಿಷ್ಟು ತಪ್ಪಿದರೆ ಏನಾಗುತ್ತೆ ಅಂತ ಬಾಡಿಗೆ ಮನೆಯಲ್ಲಿರೋ ಯಾರನ್ನಾದರೂ ಕೇಳಿ. ಕಟ್ಟಿದ ಮೇಸ್ತ್ರಿ ದುಡ್ಡು ತಗೊಂಡು ಹೋದ, ದಿನಾ ನೀರು ತಳ್ಳೋರು ನಾವು. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ನಮ್ಮ ಅಜ್ಜಿಯಂದಿರು ಯಾಕೆ ಅಷ್ಟು ಹೊಗಳ್ತಿದ್ದರು? ಟೈಲ್ಸ್ ಥರ ಅದರಲ್ಲಿ ಸಂದುಗಳಿರಲಿಲ್ಲ. ಒಂದು ಒದ್ದೆ ಬಟ್ಟೆ ಈ ಗೋಡೆಯಿಂದ ಆ ಗೋಡೆಗೆ ಜಾರಿಕೊಂಡು ಹೋಗ್ತಿತ್ತು.

ಹಾಗಿದ್ದರೆ ಇಷ್ಟೆಲ್ಲ ಯೋಚಿಸಿ ಕಟ್ಟಿದ ನ್ಯೂಯಾರ್ಕಿನ ನಿಲ್ದಾಣಗಳು ಮುಂದೆ ಕೊಳಕಿಗೇ ಹೆಸರಾದದ್ದು ಯಾಕೆ? ದುಡ್ಡಿನ ಕೊರತೆ, ಹಳೆಯ ಗೋಡೆಗಳ ಸೋರಿಕೆ ಹೀಗೆ ಕಾರಣ ಹಲವು. ಅದರಲ್ಲಿ ದೊಡ್ಡದೊಂದು, ಸಮಯ. ಆ ಸಬ್‌ವೇ ದಿನದ 24 ಗಂಟೆಯೂ ಓಡುತ್ತೆ. ಬಾಗಿಲು ಹಾಕಿ ತೊಳೆಯೋ ಹೊತ್ತೇ ಇಲ್ಲ. ಕೋವಿಡ್ ಬಂದಾಗ, 2020ರ ಮೇ ತಿಂಗಳಿಂದ ಒಂದು ವರ್ಷ, ರಾತ್ರಿ ಕೆಲವು ಗಂಟೆ ಪ್ರಯಾಣಿಕರ ಸೇವೆ ನಿಲ್ಲಿಸಿ ಸ್ವಚ್ಛಗೊಳಿಸಿದರು. ಒಳ್ಳೆಯ ಮೂಲೆ ಇದ್ದರೆ ಸಾಲದು, ಅದನ್ನು ಒರೆಸೋಕೆ ಹೊತ್ತೂ ಬೇಕು.

ನಮ್ಮ ಬೆಂಗಳೂರಲ್ಲಿ ರಾತ್ರಿ ರೈಲು ನಿಲ್ಲುತ್ತೆ. ಆದರೆ ಕೊನೆಯ ರೈಲಿನಿಂದ ಮೊದಲ ರೈಲಿನ ತನಕದ ಅಷ್ಟೂ ಹೊತ್ತು ಪೊರಕೆಗೆ ಸಿಗಲ್ಲ. ನಮ್ಮ ಮೆಟ್ರೋಗೆ ಕರೆಂಟು ಬರೋದು ಹಳಿಯ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ಅದನ್ನು ಆಫ್ ಮಾಡಿ, ಆಫ್ ಆಗಿದೆ ಅಂತ ಖಚಿತ ಮಾಡಿಕೊಂಡ ಮೇಲೇ ಹಳಿಯ ಕಡೆ ಇಳಿಯಬೇಕು. ಹಳಿ, ಸಿಗ್ನಲ್, ಎಸ್ಕಲೇಟರ್ ರಿಪೇರಿಯವರೂ ಅದೇ ಹೊತ್ತಿಗೆ ಕಾಯ್ತಿರ್ತಾರೆ. ಬೆಳಿಗ್ಗೆ ಮೊದಲ ರೈಲಿಗೆ ಮುಂಚೆ ಎಲ್ಲರೂ ಹೊರಬಂದಿರಬೇಕು. ಆ ಸಣ್ಣ ಕಿಂಡಿಯಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಒಂದು ಕಷ್ಟದ ಮೂಲೆ ಐದು ನಿಮಿಷ ಹೆಚ್ಚು ತಿಂದರೆ, ನಿಲ್ದಾಣದ ತುಂಬ ಅಂಥ ಮೂಲೆಗಳಿದ್ದರೆ, ಕೊನೆಗೆ ಆಗೋದು ಒಂದೇ: ಆ ಮೂಲೆಗಳನ್ನು ಬಿಟ್ಟುಬಿಡ್ತಾರೆ. ಅದು ಸೋಮಾರಿತನ ಅಲ್ಲ, ಲೆಕ್ಕ.

ಮುಚ್ಚಿಟ್ಟ ಗೋಡೆ, ಕೈಗೆಟುಕದ ಗೋಡೆ

ಗೋಡೆ ಹಳತಾಗಿ ಅಸಹ್ಯವಾಗಿ ಕಂಡರೆ ಏನು ಮಾಡ್ತೀರಿ? ಅದರ ಮುಂದೆ ಒಂದು ಪ್ಯಾನೆಲ್ ಹೊಡೆದು ಮುಚ್ಚಬಹುದು. ಪ್ಯಾರಿಸ್ ಮೆಟ್ರೋದಲ್ಲಿ ಇದೇ ಆಯ್ತು. 1900ರಲ್ಲಿ ಶುರುವಾದ ಆ ಮೆಟ್ರೋದ ಗುರುತೇ ಅಂಚು ಇಳಿಜಾರಾಗಿರುವ ಬಿಳಿ ಟೈಲ್ಸ್. ಆ ಕಾಲದ ಮಂಕು ದೀಪದಲ್ಲೂ ಬೆಳಕು ಪ್ರತಿಫಲಿಸಲಿ ಅಂತ ಅದನ್ನು ಹಾಕಿದ್ದರು. 1950-60ರ ದಶಕಗಳಲ್ಲಿ ಹಲವು ನಿಲ್ದಾಣಗಳ ಗೋಡೆಗೆ ಬಣ್ಣದ ಲೋಹದ ತಗಡುಗಳನ್ನು ಹೊದಿಸಿದರು. ಕಡಿಮೆ ಖರ್ಚಿನಲ್ಲಿ ಹೊಸ ಲುಕ್! ಆದರೆ ತಗಡಿನ ಹಿಂದೆ ಟೈಲ್ಸ್ ಏನಾಗ್ತಿದೆ ಅಂತ ನೋಡೋದು, ರಿಪೇರಿ ಮಾಡೋದು ಕಷ್ಟ ಆಯ್ತು. ಮುಂದೆ ಬಹುತೇಕ ಕಡೆ ಆ ಹೊದಿಕೆಯನ್ನು ಕಿತ್ತು, ಬಿಳಿ ಟೈಲ್ಸನ್ನೇ ಮತ್ತೆ ಬೆಳಕಿಗೆ ತಂದರು.

ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಹಳೇ ಕೋಡ್ ಮುಟ್ಟೋಕೆ ಭಯ, ಅದರ ಮೇಲೆ ಇನ್ನೊಂದು ಪದರ ಹಾಕ್ತೀವಿ. ಒಳಗಿನ ಸೋರಿಕೆ ಕಾಣೋದು ನಿಲ್ಲುತ್ತೆ, ಸೋರಿಕೆ ನಿಲ್ಲಲ್ಲ.

ವಾಷಿಂಗ್ಟನ್ ನಗರದವರು ಬೇರೆ ದಾರಿ ಹಿಡಿದರು. 1976ರಲ್ಲಿ ಶುರುವಾದ ಅಲ್ಲಿನ ಮೆಟ್ರೋದ ವಾಸ್ತುಶಿಲ್ಪಿ ಹ್ಯಾರಿ ವೀಸ್. ಕಾಂಕ್ರೀಟಿನ ದೊಡ್ಡ ಕಮಾನು, ಅದರಲ್ಲಿ ಚೌಕ ಚೌಕ ಗೂಡುಗಳು, ದೇವಸ್ಥಾನದ ಒಳಗೆ ನಿಂತ ಹಾಗೆ ಅನ್ನಿಸುತ್ತೆ. ಅದರಲ್ಲಿ ಒಂದು ಜಾಣತನ ಇದೆ: ಪ್ರಯಾಣಿಕರಿಗೂ ಗೋಡೆಗೂ ನಡುವೆ ಖಾಲಿ ಜಾಗ ಬಿಟ್ಟಿದ್ದಾರೆ. ಕೈ ಚಾಚಿದರೂ ಗೋಡೆ ಸಿಗಲ್ಲ. ಗೀಚೋಕೂ ಆಗಲ್ಲ, ಒರಗಿ ಎಣ್ಣೆ ತಲೆಯ ಗುರುತು ಮಾಡೋಕೂ ಆಗಲ್ಲ. ‘ಗೋಡೆ ಮುಟ್ಟಬೇಡಿ’ ಅನ್ನೋ ಬೋರ್ಡ್ ಬೇಕಾಗೇ ಇಲ್ಲ.

ಆದರೆ ಅದೇ ನಿಲ್ದಾಣದಲ್ಲಿ ದೀಪದ ವಿಷಯದಲ್ಲಿ ಬೆಲೆ ತೆರಬೇಕಾಯ್ತು. ಕಮಾನು ಚೆಂದ ಕಾಣಲಿ ಅಂತ ದೀಪಗಳನ್ನು ಕೆಳಗೆ ಅಡಗಿಸಿ, ಬೆಳಕನ್ನು ಮೇಲಕ್ಕೆ ಬಿಟ್ಟರು. ಕೆಲವು ದೀಪಗಳಂತೂ ಹಳಿಗಳ ನಡುವೆಯೇ. ಮೇಲ್ಮುಖವಾದ ದೀಪದ ಮೇಲೆ ಧೂಳು ಕೂರುತ್ತೆ, ಕಮಾನಿಗೂ ಮಸಿ ಹಿಡಿಯುತ್ತೆ, ಬೆಳಕು ಮಂಕಾಗುತ್ತೆ. ಹಳಿಯ ನಡುವಿನ ಬಲ್ಬು ಬದಲಿಸಬೇಕಾದರೆ ರೈಲು ನಿಲ್ಲಬೇಕು. ‘ನಿಲ್ದಾಣ ಕತ್ತಲೆ’ ಅನ್ನೋ ದೂರು ವರ್ಷಗಟ್ಟಲೆ ಕೇಳಿಬಂತು. 2017ರಲ್ಲಿ ಯೂನಿಯನ್ ಸ್ಟೇಷನ್‌ನ ಕಮಾನಿಗೆ ಬಿಳಿ ಬಣ್ಣ ಬಳಿದಾಗ ವಾಸ್ತುಶಿಲ್ಪಿಗಳು ಸಿಟ್ಟಾದರು. ಬಣ್ಣ ಹಚ್ಚದೇ ಬಿಟ್ಟರೆ ಕತ್ತಲು, ಹಚ್ಚಿದರೆ ಮುಂದೆ ಕೆಲವು ವರ್ಷಕ್ಕೊಮ್ಮೆ ಹಚ್ಚುತ್ತಲೇ ಇರಬೇಕು. ಮೊದಲ ನಕ್ಷೆಯಲ್ಲಿ ‘ಈ ಬಲ್ಬನ್ನು ಯಾರು, ಯಾವಾಗ ಬದಲಿಸ್ತಾರೆ?’ ಅನ್ನೋ ಪ್ರಶ್ನೆಗೆ ಇನ್ನಷ್ಟು ತೂಕ ಸಿಕ್ಕಿದ್ದರೆ ಈ ಜಗಳದ ಕಾವು ಕಡಿಮೆ ಇರ್ತಿತ್ತೇನೋ.

ಲಂಡನ್ ಕಲಿತ ಪಾಠ

ಈ ಎಲ್ಲ ಅನುಭವ ಒಟ್ಟಾಗಿ ಕಾಣೋದು ಲಂಡನ್ನಿನ ಎಲಿಜಬೆತ್ ಲೈನಿನಲ್ಲಿ. 2022ರ ಮೇ 24ಕ್ಕೆ ಶುರುವಾದ ಈ ಮಾರ್ಗದ ನೆಲದಡಿಯ ನಿಲ್ದಾಣಗಳ ಫೋಟೋ ಒಮ್ಮೆ ಗೂಗಲ್ ಮಾಡಿ. ಕಾರಿಡಾರುಗಳು ಸೇರುವ ಕಡೆ ಚೂಪಾದ ಮೂಲೆಯೇ ಇಲ್ಲ, ಗೋಡೆ ಬಾಗಿಕೊಂಡು ತಿರುಗುತ್ತೆ. ಜನಕ್ಕೆ ಎದುರು ಬರೋರು ಕಾಣ್ತಾರೆ, ಕಸಕ್ಕೆ ಅಡಗೋಕೆ ಜಾಗ ಸಿಗಲ್ಲ. ಗೋಡೆಗೆ ಗಾಜಿನ ನಾರು ಬೆರೆಸಿದ ತೆಳು ಕಾಂಕ್ರೀಟ್ ಪ್ಯಾನೆಲ್‌ಗಳು.

ಇದರಲ್ಲಿ ಎದ್ದು ಕಾಣೋದು, ಕಮಾನಿನ ಮೇಲೆ ಏನೂ ನೇತಾಡ್ತಿಲ್ಲ ಅನ್ನೋದು. ಕಾರಿಡಾರಿನಲ್ಲಿ ದೀಪ, ಸ್ಪೀಕರ್, ಬೋರ್ಡ್ ಎಲ್ಲ ನೆಲದಿಂದೆದ್ದ ಕಂಬಗಳಲ್ಲಿವೆ. ಪ್ಲಾಟ್‌ಫಾರ್ಮಿನಲ್ಲಿ ಅವೆಲ್ಲ ಹಳಿಯ ಅಂಚಿನ ಗಾಜಿನ ಗೋಡೆಯ ಜೊತೆ ಸೇರಿಕೊಂಡಿವೆ. ತಲೆಯ ಮೇಲೆ ಹತ್ತಾರು ಕಡೆ ಚದುರಿರೋ ವಸ್ತುಗಳನ್ನು ಹುಡುಕಿಕೊಂಡು ಏಣಿ ಹೊತ್ತು ತಿರುಗೋದಕ್ಕಿಂತ, ಗೊತ್ತಿರೋ ಒಂದು ಜಾಗಕ್ಕೆ ಹೋಗಿ ಕೆಲಸ ಮುಗಿಸೋದು ಸುಲಭ ಅಲ್ವಾ? 2024ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ದೊಡ್ಡ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ಈ ಮಾರ್ಗಕ್ಕೇ ಬಂತು. ಅಂದರೆ ಸುಲಭ ನಿರ್ವಹಣೆಗೂ ಸೌಂದರ್ಯಕ್ಕೂ ಜಗಳ ಇರಲೇಬೇಕು ಅಂತೇನಿಲ್ಲ.

ಪ್ಲಾಟ್‌ಫಾರ್ಮಿನ ಅಂಚಿನ ಆ ಗಾಜಿನ ಬಾಗಿಲುಗಳಿಗೆ ಇನ್ನೊಂದು ಲಾಭ ಇದೆ. ಸಿಂಗಾಪುರ 1987ರಲ್ಲಿ ಮೆಟ್ರೋ ಶುರು ಮಾಡಿದಾಗಲೇ ನೆಲದಡಿಯ ನಿಲ್ದಾಣಗಳಲ್ಲಿ ಇವನ್ನು ಹಾಕಿತ್ತು. ಮುಖ್ಯ ಉದ್ದೇಶ ಎಸಿಯ ತಂಪು ಸುರಂಗಕ್ಕೆ ಹೋಗದಿರಲಿ ಅನ್ನೋದು, ಜೊತೆಗೆ ಜನ ಹಳಿಗೆ ಬೀಳದಿರಲಿ ಅನ್ನೋದು. ಆದರೆ ಮೇಲಿನಿಂದ ಕೆಳಗಿನ ತನಕ ಗಾಜಿದ್ದರೆ ಸುರಂಗದ ಕಬ್ಬಿಣದ ಪುಡಿಯೂ ಬಹುಮಟ್ಟಿಗೆ ಆಚೆಯೇ ಉಳಿಯುತ್ತೆ. ಖಾಲಿ ಬಾಟಲಿ, ಚಿಪ್ಸ್ ಪ್ಯಾಕೆಟ್ ಹಳಿಗೆ ಹಾರೋದೂ ನಿಲ್ಲುತ್ತೆ. ಹಾಗಂತ ಗಾಜು ತಾನೇ ಕ್ಲೀನ್ ಆಗಲ್ಲ, ಅದರ ಮೇಲಿನ ಬೆರಳಚ್ಚು ಒರೆಸೋಕೂ ಯಾರೋ ಬೇಕು. ಅದೇ ಸಿಂಗಾಪುರದಲ್ಲಿ ರೈಲಿನ ಬಾಗಿಲ ಸೆನ್ಸರಿಗೆ ಚ್ಯೂಯಿಂಗ್ ಗಮ್ ಅಂಟಿಸಿ ರೈಲು ನಿಲ್ಲಿಸ್ತಿದ್ದರು. 1992ರಲ್ಲಿ ಚ್ಯೂಯಿಂಗ್ ಗಮ್ ಮಾರಾಟವನ್ನೇ ನಿಷೇಧಿಸೋಕೆ ಅದೂ ಒಂದು ಕಾರಣ. ವಿನ್ಯಾಸಕ್ಕೂ ಮಿತಿ ಇದೆ, ಕೆಲವೊಮ್ಮೆ ಕಾನೂನು ಬರಲೇಬೇಕಾಗುತ್ತೆ.

ಡಸ್ಟ್‌ಬಿನ್ ಇರಬೇಕಾ, ಬೇಡವಾ?

ಇದು ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲೂ ಜಗಳವಾಗೋ ವಿಷಯ. ಲಂಡನ್ನಿನಲ್ಲಿ ಐಆರ್‌ಎ ಬಾಂಬುಗಳ ಕಾಲದಲ್ಲಿ, ಟೋಕಿಯೊದಲ್ಲಿ 1995ರ ಸರಿನ್ ವಿಷಾನಿಲ ದಾಳಿಯ ನಂತರ ನಿಲ್ದಾಣಗಳಿಂದ ಕಸದ ಡಬ್ಬಗಳು ಮಾಯವಾದವು. ಆಮೇಲೆ ಹಲವು ಊರುಗಳು ಒಳಗಿರೋದು ಕಾಣುವಂಥ ಪಾರದರ್ಶಕ ಚೀಲದ ಡಬ್ಬಗಳಿಗೆ ಬಂದವು. ನ್ಯೂಯಾರ್ಕಿನವರು ಬೇರೆ ಕಾರಣಕ್ಕೆ ಪ್ರಯೋಗ ಮಾಡಿದರು: ಡಬ್ಬ ತೆಗೆದರೆ ಜನ ಕಸ ಮನೆಗೆ ಒಯ್ತಾರಾ ಅಂತ. 2011ರಲ್ಲಿ ಎರಡು ನಿಲ್ದಾಣಗಳಿಂದ ಶುರುವಾಗಿ ಹಲವು ನಿಲ್ದಾಣಗಳಿಗೆ ಹಬ್ಬಿದ ಪ್ರಯೋಗವನ್ನು 2017ರಲ್ಲಿ ಕೈಬಿಟ್ಟರು.

ಟೋಕಿಯೊದಲ್ಲಿ ನಡೆದದ್ದು ನ್ಯೂಯಾರ್ಕಿನಲ್ಲಿ ನಡೆಯಲಿಲ್ಲ. ನಮ್ಮಲ್ಲಿ? ಟೀ ಕಪ್ ಕೈಯಲ್ಲಿ ಹಿಡಿದು ನಾಲ್ಕು ಸ್ಟೇಷನ್ ಹೋಗೋರು ಕೆಲವರು, ಕಂಬದ ಹಿಂದೆ ಇಡೋರು ಹಲವರು. ನನ್ನ ಪ್ರಕಾರ ಡಬ್ಬ ಇರಲಿ, ಆದರೆ ಟಿಕೆಟ್ ಗೇಟಿನ ಹತ್ತಿರ, ಎಲ್ಲರ ಕಣ್ಣಿಗೆ ಬೀಳೋ ಕಡೆ, ಕೆಲವೇ ಇರಲಿ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬೇಡ. ಕಸ ಕೆಳಗಿಳಿದಷ್ಟೂ ಅದನ್ನು ಮತ್ತೆ ಮೇಲೆ ಹೊತ್ತು ತರೋರು ಬೇಕು, ಆ ಚೀಲದ ತೂಕ ಒಬ್ಬ ಮನುಷ್ಯನ ಬೆನ್ನಿನ ಮೇಲಿರುತ್ತೆ.

ನಮ್ಮೂರಿನ ಸರದಿ

ಭಾರತದಲ್ಲಿ ನೆಲದಡಿಯ ಮೆಟ್ರೋ ಶುರುವಾಗಿದ್ದು ಕೋಲ್ಕತ್ತದಲ್ಲಿ, 1984ರ ಅಕ್ಟೋಬರ್ 24ಕ್ಕೆ. ಬೆಂಗಳೂರಿನ ಮೊದಲ ಸುರಂಗ ಮಾರ್ಗ, ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ಸ್ಟೇಷನ್ ತನಕ, 2016ರ ಏಪ್ರಿಲ್ ಕೊನೆಗೆ ಶುರುವಾಯ್ತು. 2017ರ ಜೂನ್‌ನಲ್ಲಿ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಸೇರಿಕೊಂಡವು. ಮೊದಲ ಹಂತದಲ್ಲಿ ನೆಲದಡಿಯ ನಿಲ್ದಾಣ ಏಳೇ. ಆದರೆ ಪಿಂಕ್ ಲೈನಿನಲ್ಲಿ ಡೇರಿ ಸರ್ಕಲ್ ಕಡೆಯಿಂದ ನಾಗವಾರದ ತನಕ 13.76 ಕಿಲೋಮೀಟರ್ ಸುರಂಗ, 12 ನಿಲ್ದಾಣ. ನೆಲದಡಿಯ ಲೆಕ್ಕ ಏಳರಿಂದ ಹತ್ತೊಂಬತ್ತಕ್ಕೆ. ಗುಡಿಸಬೇಕಾದ ನೆಲವೂ, ಬದಲಿಸಬೇಕಾದ ಬಲ್ಬೂ ಹಾಗೇ ಏರುತ್ತೆ.

ಹೀಗಾಗಿ ಮುಂದಿನ ಸಲ ನೆಲದಡಿಗಿಳಿದಾಗ ರೀಲ್ಸ್ ನೋಡೋದು ಎರಡು ನಿಮಿಷ ಬಿಟ್ಟು ಇವನ್ನು ಗಮನಿಸಿ.

ಬಾಗಿಲಲ್ಲಿ: ರಸ್ತೆಗಿಂತ ಎರಡು ಮೆಟ್ಟಿಲು ಹತ್ತಿ ಆಮೇಲೆ ಇಳೀತೀರಾ? ಮಳೆ ನೀರು ಒಳಗೆ ನುಗ್ಗದಿರಲಿ ಅಂತ ಹಾಗೆ. ಬ್ಯಾಂಕಾಕಿನ ನೆಲದಡಿಯ ನಿಲ್ದಾಣಗಳಲ್ಲಿ ಇದು ಇನ್ನೂ ಎತ್ತರ. ಒಳಗೆ ಕಾಲಿಟ್ಟ ತಕ್ಷಣ ಮ್ಯಾಟ್ ಇದೆಯಾ, ಅದು ನಾಲ್ಕಾರು ಹೆಜ್ಜೆ ಉದ್ದ ಇದೆಯಾ? ಒಂದು ಹೆಜ್ಜೆಯ ಮ್ಯಾಟ್ ಹೆಸರಿಗೆ ಮಾತ್ರ. ಕೆಸರು ಅಲ್ಲೇ ನಿಂತರೆ ಇಡೀ ನಿಲ್ದಾಣದ ಅರ್ಧ ಕೆಲಸ ಮುಗೀತು.

ನೆಲದಲ್ಲಿ: ಚುಕ್ಕೆ ಚುಕ್ಕೆ ಗ್ರಾನೈಟಿನಲ್ಲಿ ಸಣ್ಣ ಕೊಳೆ ಎದ್ದು ಕಾಣಲ್ಲ, ಅಚ್ಚ ಕಪ್ಪು ಅಥವಾ ಅಚ್ಚ ಬಿಳಿಯಲ್ಲಿ ಪ್ರತಿ ಹೆಜ್ಜೆಯೂ ಕಾಣುತ್ತೆ. ಅಂಧರಿಗಾಗಿ ಹಾಕಿರೋ ಹಳದಿ ಉಬ್ಬು ಪಟ್ಟಿಗಳ ಸಂದಿನಲ್ಲಿ ಮಣ್ಣು ಕೂರುತ್ತೆ. ಅವು ಬೇಕೇ ಬೇಕು, ಹಾಗಾಗಿ ಅವಕ್ಕೆ ಬೇರೆ ಬ್ರಷ್, ಬೇರೆ ಸಮಯ ಲೆಕ್ಕದಲ್ಲಿರಬೇಕು.

ಬೆಂಚಿನ ಕೆಳಗೆ: ಗೋಡೆಯಿಂದ ಚಾಚಿಕೊಂಡ ಬೆಂಚಾದರೆ ತೊಳೆಯೋ ಮೆಷಿನ್ ಒಂದೇ ಓಟಕ್ಕೆ ಕೆಳಗಿಂದ ಹೋಗುತ್ತೆ. ನಾಲ್ಕು ಕಾಲಿನ ಬೆಂಚಾದರೆ ಪ್ರತಿ ಕಾಲಿನ ಸುತ್ತ ಯಾರೋ ಬಗ್ಗಬೇಕು.

ತಲೆ ಎತ್ತಿ: ಎಸ್ಕಲೇಟರ್ ಮೇಲಿನ ಎತ್ತರದ ದೀಪ ನೋಡಿ. ಅದನ್ನು ಒರೆಸೋಕೆ ಏಣಿ ಇಡೋದೆಲ್ಲಿ? ಇಳಿಜಾರಿನ ಮೇಲೆ ಏಣಿ ನಿಲ್ಲಲ್ಲ. ಮನುಷ್ಯರನ್ನು ಮೇಲೆತ್ತುವ ಯಂತ್ರ ತರೋಣ ಅಂದರೆ ಅದು ನಿಲ್ದಾಣದ ಲಿಫ್ಟಿನೊಳಗೆ ಹಿಡಿಸುತ್ತಾ? ನಕ್ಷೆಯ ಹಂತದಲ್ಲಿ ಇದು ಒಂದು ಸಾಲಿನ ಪ್ರಶ್ನೆ. ಕಟ್ಟಿದ ಮೇಲೆ ಇದೇ ಒಬ್ಬರ ಜೀವದ ಪ್ರಶ್ನೆ.

ಕೊನೆಯದು, ನಮಗೆ ಕಾಣದ್ದು: ಸ್ವಚ್ಛತಾ ಸಿಬ್ಬಂದಿಗೆ ಪ್ರತಿ ಮಹಡಿಯಲ್ಲೂ ಒಂದು ಕೋಣೆ, ನಲ್ಲಿ, ಕೊಳೆ ನೀರು ಚೆಲ್ಲೋಕೆ ಜಾಗ, ಮೆಷಿನ್ ಚಾರ್ಜ್ ಮಾಡೋಕೆ ಪ್ಲಗ್, ಕೂತು ಊಟ ಮಾಡೋಕೆ ಒಂದು ಬೆಂಚು. ಇವು ಇಲ್ಲದಿದ್ದರೆ ಬಕೆಟ್ ತುಂಬಿಕೊಂಡು ಎರಡು ಮಹಡಿ ಹತ್ತಿ ಇಳಿಯೋದರಲ್ಲೇ ರಾತ್ರಿ ಕಳೆಯುತ್ತೆ.

ಇಷ್ಟಕ್ಕೂ ಇವುಗಳಲ್ಲಿ ಯಾವುದೂ ರಾಕೆಟ್ ವಿಜ್ಞಾನ ಅಲ್ಲ. ದುಂಡು ಮೂಲೆಗೆ ಚೂಪು ಮೂಲೆಗಿಂತ ಒಂದಿಷ್ಟು ಹೆಚ್ಚು ಖರ್ಚಾಗಬಹುದು. ಆದರೆ ಕಟ್ಟೋ ಖರ್ಚು ಒಂದು ಸಲ, ತೊಳೆಯೋ ಖರ್ಚು ದಿನಾ. ತೊಂದರೆ ಎಲ್ಲಿದೆ ಅಂದರೆ, ಕಟ್ಟೋ ಬಜೆಟ್ ಒಂದು ಫೈಲಿನಲ್ಲಿ, ತೊಳೆಯೋ ಗುತ್ತಿಗೆ ಇನ್ನೊಂದು ಫೈಲಿನಲ್ಲಿ. ಒಂದರಲ್ಲಿ ಉಳಿಸಿದ ರೂಪಾಯಿ ಇನ್ನೊಂದರಲ್ಲಿ ಹತ್ತಾಗಿ ಹೋಗೋದನ್ನು ಯಾರೂ ಒಟ್ಟಿಗೆ ಕೂಡಿಸಿ ನೋಡಲ್ಲ. ಹೆಚ್ಚಿನ ಭಾರ ದುಡ್ಡಿನ ರೂಪದಲ್ಲಿ ಬರೋದೂ ಇಲ್ಲ, ಗುತ್ತಿಗೆ ಕಾರ್ಮಿಕರ ಸೊಂಟನೋವಿನ ರೂಪದಲ್ಲಿ ಬರುತ್ತೆ. ಆ ಲೆಕ್ಕ ಯಾವ ಫೈಲಿನಲ್ಲೂ ಇರಲ್ಲ.

ಒಳ್ಳೆಯ ಸಾಫ್ಟ್‌ವೇರ್ ತಂಡಗಳಲ್ಲಿ ಒಂದು ಪದ್ಧತಿ ಇದೆ. ವಿನ್ಯಾಸದ ಮೀಟಿಂಗಿಗೆ, ಅದನ್ನು ಮುಂದೆ ರಾತ್ರಿ ನೋಡಿಕೊಳ್ಳೋರನ್ನೂ ಕರೀತಾರೆ. ಅವರು ಕೇಳೋದು ಸಣ್ಣ ಸಣ್ಣ ಪ್ರಶ್ನೆ, ಉಳಿಸೋದು ದೊಡ್ಡ ತಲೆನೋವು. ನಿಲ್ದಾಣಗಳಿಗೂ ಅದನ್ನೇ ಮಾಡಿದರೆ ಏನು ಕಷ್ಟ? ನಕ್ಷೆಗೆ ಸಹಿ ಬೀಳುವ ಮೊದಲು, ಹತ್ತು ವರ್ಷ ನಿಲ್ದಾಣ ತೊಳೆದ ಒಬ್ಬ ಹೆಂಗಸನ್ನು ಕೂರಿಸಿ, ಟೀ ಕೊಟ್ಟು, ನಕ್ಷೆಯ ಬದಲು ಒಂದು ಮಾದರಿ ತೋರಿಸಿ ಕೇಳಲಿ: ‘ಅಮ್ಮಾ, ಇದರಲ್ಲಿ ನಿಮಗೆ ಎಲ್ಲಿ ಕಷ್ಟ ಆಗುತ್ತೆ?’ ಅವರು ಬೆರಳಿಟ್ಟು ತೋರಿಸೋ ಜಾಗಗಳೇ, ಹತ್ತು ವರ್ಷದ ನಂತರ ನಾವು ನೀವು ಮೂಗು ಮುಚ್ಚಿಕೊಂಡು ದಾಟೋ ಜಾಗಗಳು.

ಪ್ರಯಾಣಿಕರಾಗಿ ನಾವು ಮಾಡಬಹುದಾದ್ದೂ ಇದೆ. ‘ಗಲೀಜಾಗಿದೆ’ ಅಂತ ಬರೀ ಫೋಟೋ ಹಾಕಿ ಟ್ಯಾಗ್ ಮಾಡಿದರೆ ಆ ದಿನ ಡ್ಯೂಟಿಯಲ್ಲಿದ್ದ ಕಾರ್ಮಿಕರಿಗೆ ಬೈಗುಳ ಬೀಳುತ್ತೆ, ಅಷ್ಟೇ. ಅದರ ಬದಲು ‘ಈ ಬೆಂಚಿನ ಹಿಂದೆ ಕೈ ಹೋಗಲ್ಲ’, ‘ಇಲ್ಲಿ ನೀರು ನಿಲ್ಲುತ್ತೆ, ಇಳಿಜಾರು ಸರಿಯಿಲ್ಲ’ ಅಂತ ಬರೆಯಿರಿ. ದೂರು ಸರಿಯಾದ ಮೇಜಿಗೆ ಹೋಗಬೇಕು.

ನಿಮ್ಮ ಓಡಾಟದ ನಿಲ್ದಾಣದಲ್ಲಿ ಅಂಥ ಮೂಲೆ ಯಾವುದು? ನೋಡಿ ಬರೆದು ಕಳಿಸಿ.